ಎದೆ ಉರಿಗೆ ಗುಲ್ಕಂದ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಕಾರ್ತಿಕದ ಚಳಿ ಆಗಷ್ಟೇ ಕಾಲಿಡುತ್ತಿತ್ತು. ಮುಂಜಾನೆ ಹಾಲು ಕಾಯುವ ಹೊತ್ತಿಗೆ ಡಾಕ್ಟರು ಹೊಸಪೇಟೆಯ ಅಕ್ಕಿ ವ್ಯಾಪಾರಿ ಅಂದಾನಪ್ಪನ ಕಾಲಿನ ಹೆಬ್ಬೆರಳ ಪಟ್ಟಿ ಬಿಚ್ಚಿ ನೋಡಿದರು. ದಸರೆಗೆ ಮುಳ್ಳು ಚುಚ್ಚಿದ ಗಾಯ ಇನ್ನೂ ಹಸಿಹಸಿಯಾಗಿತ್ತು.

"ಸೋಮವಾರದೊಳಗ ಸಕ್ಕರಿ ಇಳೀಲಿಲ್ಲಂದ್ರ ಬಳ್ಳಾರಿಗೆ ಹೋಗಿ ಬೆರಳು ತಗಸಬೇಕಾಗ್ತೈತಿ, ಸಾವುಕಾರ್ರ."

ಅಂದಾನಪ್ಪ ಬೆರಳು ಎಣಿಸಿದ. ಹತ್ತು ಬೆರಳು ಕೊಟ್ಟು ಕಳಿಸಿದ ದೇವರಿಗೆ ಒಂಬತ್ತು ಒಪ್ಪಿಸುವುದು ಹೇಗೆ? ಎರಡು ಹೊತ್ತೂ ಇನ್ಸುಲಿನ್ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ. ಹೋಳಿಗೆ ಬಿಟ್ಟಿದ್ದ, ಚಹಕ್ಕೆ ಸಕ್ಕರೆ ಬಿಟ್ಟಿದ್ದ. ಹೆಂಡತಿ ನೀಲಗಂಗಮ್ಮ ಬೆಲ್ಲದ ಡಬ್ಬಿಗೆ ಬೀಗ ಜಡಿದಿದ್ದಳು. ಆದರೂ ಡಾಕ್ಟರು ಅವನ ಮೂತ್ರವನ್ನು ನೀಲಿ ಔಷಧಕ್ಕೆ ಬೆರೆಸಿ ಕಾಯಿಸಿದರೆ ದಿನಾ ಕೆಂಪು ಇಟ್ಟಿಗೆಯ ಬಣ್ಣವೇ. ಅಂದರೆ ಸಕ್ಕರೆ ತುಂಬಿ ತುಳುಕುತ್ತಿದೆ ಎಂದರ್ಥ.

"ಈ ಇಟ್ಟಂಗಿಲೇ ಒಂದು ಮನಿ ಕಟ್ಟಬಹುದ್ರಿ," ಎನ್ನುತ್ತ ಡಾಕ್ಟರು ಸೂಜಿಮದ್ದು ಏರಿಸುತ್ತಲೇ ಇದ್ದರು.

ಸುದ್ದಿ ಕೇಳಿ ಸಂಡೂರಿನಿಂದ ತಂಗಿ ಕೊಟ್ರಬಸಮ್ಮ ಓಡಿ ಬಂದಳು. ಶುಕ್ರವಾರ ಡಾಕ್ಟರ ಎದುರಿಗೇ ಗಂಟು ಬಿಚ್ಚಿ ಒಂದು ಭರಣಿ ಇಟ್ಟಳು.

"ಅಣ್ಣಾ, ಹೋದ ಭರಣಿ ತೀರಿತಲ್ಲ? ತಗೋ, ನಿನ್ನ ಎದಿ ಉರಿ ಔಷಧ."

ಡಾಕ್ಟರು ಮೂಸಿದರು. "ಏನಿದು?"

"ಗುಲ್ಕಂದ್ರಿ. ನಮ್ಮ ಹಿತ್ತಲ ಗುಲಾಬಿ."

"ಸಕ್ಕರಿ ಎಷ್ಟು ಹಾಕೀಯವ್ವ?"

"ಹೂವಿನ ಎರಡರಷ್ಟು. ಕಡಿಮಿ ಹಾಕಾಕ ನಾವೇನು ಜಿಪುಣರೇನ್ರಿ?"

ಡಾಕ್ಟರು ಅಂದಾನಪ್ಪನತ್ತ ತಿರುಗಿದರು. "ದಿನಾ ತಿಂತೀರೇನು?"

"ಮೂರು ಹೊತ್ತು, ಒಂದೊಂದು ಸೌಟು. ಆದ್ರ ಅದು ಔಷಧಲ್ರಿ! ಔಷಧ ಎಲ್ಲೆರ ಸಿಹಿ ಲೆಕ್ಕಕ್ಕ ಬರ್ತೈತೇನು?"

"ನಾನು ಸೂಜೀಲೆ ಸಕ್ಕರಿ ಇಳಸ್ತೀನಿ, ನೀವು ಸೌಟಿಲೆ ಸುರೀತೀರಿ! ಇನ್ನ ಮುಟ್ಟಬ್ಯಾಡ್ರಿ. ಸೂಜಿನೂ ಕಡಿಮಿ ಮಾಡ್ತೀನಿ, ಇಲ್ಲಂದ್ರ ಸಕ್ಕರಿ ಪಾತಾಳಕ್ಕಿಳಿದು ತಲಿ ತಿರುಗಿ ಬೀಳ್ತೀರಿ. ಎದಿ ಉರಿಗೆ ಬ್ಯಾರೆ ಪುಡಿ ಕೊಡ್ತೀನಿ."

ಕೊಟ್ರಬಸಮ್ಮನ ಮೋರೆ ಕೆಂಪಾಯಿತು. "ಹಂಗಾರ ಅಣ್ಣಗ ವಿಷ ಹಾಕಿದಾಕಿ ನಾನು! ನಾನು ಈಗಿಂದೀಗ ಹೊಂಟೆ."

ನೀಲಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಶುಕ್ರವಾರ ಮನಿಮಗಳನ್ನ ಕಳಸ್ತಾರೇನವ್ವ? ಲಕ್ಷ್ಮಿ ಹೋದಂಗ."

ಹೋಗುವಂತಿಲ್ಲ, ಮಾತಾಡುವ ಮನಸ್ಸಿಲ್ಲ. ಕೊಟ್ರಬಸಮ್ಮ ಸಿಟ್ಟಿನಲ್ಲೇ ಅಡುಗೆಮನೆ ಹೊಕ್ಕಳು. ಸಂಜೆ ಅಣ್ಣನ ಮುಂದೆ ಬಂದ ಮಂಡಕ್ಕಿ, ಮೇಲೆ ಆರು ಮಿರ್ಚಿ ಬಜ್ಜಿ ಕಂಡು ಅವಳ ಬಾಯಿ ತೆರೆಯಿತು.

"ಇದನ್ನ ದಿನಾ ತಿಂತಿಯೇನಪ್ಪ? ಎದಿ ಉರೀದೆ ತಂಪಾಗ್ತೈತೇನು?"

ತಟ್ಟೆ ಹಿತ್ತಲಿಗೆ ಹೋಯಿತು. ಅಂದಿನಿಂದ ಅವನಿಗೆ ಜೋಳದ ರೊಟ್ಟಿ, ಸಪ್ಪನೆ ಬೇಳೆ, ಮಜ್ಜಿಗೆ. ಅಂದಾನಪ್ಪ ಗೋಳಾಡಿದ, ಬೆರಳು ನೆನೆದು ನುಂಗಿದ.

ಸೋಮವಾರ ನೀಲಿ ಔಷಧ ಕಾಯ್ದು ಹಸಿರಾಯಿತು, ಇಟ್ಟಿಗೆಯಾಗಲಿಲ್ಲ; ಸಕ್ಕರೆ ಇಳಿದಿತ್ತು. ಬಳ್ಳಾರಿ ಪ್ರಯಾಣ ಮುಂದಕ್ಕೆ ಹೋಯಿತು. ಹಾಗೇ ಹೋಗುತ್ತಾ ಹೋಗುತ್ತಾ ಗಾಯ ಒಣಗಿತು, ಹೊಸ ಚರ್ಮ ಬಂತು. ಡಾಕ್ಟರು ಎದೆ ಉರಿಗೆ ಕೊಟ್ಟ ಪುಡಿಯ ಪೊಟ್ಟಣ ಬಿಚ್ಚುವ ಸಂದರ್ಭವೇ ಬರಲಿಲ್ಲ.

"ನೀನಿದ್ರ ಬೆರಳು ಉಳೀತೈತಿ, ಆದ್ರ ಬಾಯಿ ಸಾಯ್ತೈತಿ ತಂಗಿ," ಎಂದ ಅಂದಾನಪ್ಪ.

"ಹತ್ತೂ ಬೆರಳು ಎಣಿಸಿಕ್ಯಂಡೇ ಹೋಗ್ತೀನಿ," ಎಂದಳು ಅವಳು.

ಎಣಿಸಿದಳು. ಸಂಕ್ರಾಂತಿ ಕಳೆದ ಬುಧವಾರ ಕೊಟ್ರಬಸಮ್ಮ ಸಂಡೂರಿನ ಗಾಡಿ ಹತ್ತಿದಳು.