ಬಾಗಿಲ ಬಳಿಯ ಗಂಡಸಿನ ಚಪ್ಪಲಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಊರಿನ ಕಂದಾಯ ಲೆಕ್ಕಿಗ, ತಲಾಟಿ ಹೂಲಿಕಟ್ಟಿಯವರು ನನ್ನನ್ನು ಕೈಗೆತ್ತಿಕೊಂಡು ಅಡಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಹಾಳೆಯಲ್ಲಿ ಬರೆದರು: ‘ಮನೆಯಲ್ಲಿ ಗಂಡಸು ವಾಸವಿರುವಂತೆ ಕಂಡುಬರುತ್ತದೆ.’ ಆ ಒಂದು ಸಾಲಿಗೆ ಕಸ್ತೂರವ್ವನ ವಿಧವಾ ವೇತನ ನಿಂತಿತು.

ನಾನು ಒಂದು ಚಪ್ಪಲಿ. ಬಲಗಾಲಿನದು. ಎಡಗಾಲಿನದು ನನ್ನ ಜೋಡಿ. ಅದರದು ಮಾತು ಕಡಿಮೆ, ಹೀಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳುತ್ತೇನೆ.

ನನ್ನನ್ನು ಮಾಡಿದವನು ಸಮಗಾರ ಯಮನಪ್ಪ. ಕೃಷ್ಣಾ ಹೊಳೆಗೆ ಹತ್ತಿರದ ಹಳ್ಳಿಯವನು. ಎಮ್ಮೆಯ ತೊಗಲನ್ನು ಜಾಲಿ ತೊಗಟೆಯ ನೀರಿನಲ್ಲಿ ಹದ ಮಾಡಿದ, ಕೊಯ್ದ, ಕುಟ್ಟಿದ. ಅವನ ಹೆಂಡತಿ ತೊಗಲಿನ ಎಳೆಯಿಂದ ಅಂಚು ಹೊಲಿದಳು. ಎರಡು ಪದರ ಸೇರಿಸುವ ಮುಂಚೆ ಯಮನಪ್ಪ ನಡುವೆ ಒಣಗಿದ ಬೀಜವೊಂದನ್ನು ಇಟ್ಟ. ಕಾಲು ಊರಿದಾಗಲೆಲ್ಲ ಕರ್ರ್ ಎನ್ನಬೇಕು, ಅದಕ್ಕೆ.

“ಗಂಡಸು ನಡದ್ರ ಓಣಿಗೆ ಗೊತ್ತಾಗಬೇಕು,” ಎಂದ ಯಮನಪ್ಪ.

“ಹೂಂ, ನೀ ಬರೋದೂ ಗೊತ್ತಾಗತೈತಿ. ಚಪ್ಪಲಿಯಿಂದಲ್ಲ, ಕೆಮ್ಮಿನಿಂದ,” ಎಂದಳು ಅವನ ಹೆಂಡತಿ.

ನನ್ನನ್ನು ಕೊಂಡವನು ಬಾಳಪ್ಪ, ಸಕ್ಕರೆ ಕಾರ್ಖಾನೆಯ ಹಮಾಲ. ಅವನದು ದೊಡ್ಡ ಪಾದ. ಹಿಮ್ಮಡಿ ನನ್ನ ಅಂಚಿಗೆ ಸರಿಯಾಗಿ ಕೂರುತ್ತಿತ್ತು. ನಾಲ್ಕು ವರ್ಷ ಅವನ ಬೆವರು ಕುಡಿದೆ. ಐದು ಬೆರಳು, ಪಾದದ ಉಬ್ಬು, ಹಿಮ್ಮಡಿ, ಇಷ್ಟೂ ನನ್ನ ಮೇಲೆ ಕಪ್ಪಗೆ ಅಚ್ಚಾದವು. ಒಂದು ಬೇಸಿಗೆಯಲ್ಲಿ ಎದೆನೋವು ಎಂದು ಅವನು ಆಸ್ಪತ್ರೆಗೆ ನಡೆದೇ ಹೋದ, ನನ್ನನ್ನು ಮೆಟ್ಟಿಕೊಂಡು. ಮರಳಿ ಬರುವಾಗ ನಾನು ಅವನ ಹೆಂಡತಿ ಕಸ್ತೂರವ್ವನ ಕೈಚೀಲದಲ್ಲಿದ್ದೆ.

ಆಮೇಲೆ ಟ್ರಂಕು. ನನ್ನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಾಳಪ್ಪನ ಮರಣ ಪ್ರಮಾಣಪತ್ರ, ವಿಧವಾ ವೇತನ ಮಂಜೂರಾದ ಆದೇಶ, ಮತ್ತು ಚಿಂದಿಯೊಂದರಲ್ಲಿ ಸುತ್ತಿದ ಕಾಲುಂಗುರ. ಕಸ್ತೂರವ್ವ ಹಳ್ಳಿ ಬಿಟ್ಟು ಮಗ್ಗದ ಊರಿಗೆ ಬಂದಳು. ಕಾರ್ಖಾನೆಯೊಂದರಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ, ಹೊಸ ಕಾಲೋನಿಯಲ್ಲಿ ಒಂದು ಕೋಣೆ. ಬಾಡಿಗೆಯ ದೊಡ್ಡ ಪಾಲು ಆ ವೇತನದಿಂದಲೇ ಹೋಗಬೇಕಿತ್ತು. ಆ ಓಣಿಯಲ್ಲಿ ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಬಂದ ಮೊದಲ ವಾರವೇ ಟ್ರಂಕಿನೊಳಗಿಂದ ನಾನೊಂದು ಮಾತು ಕೇಳಿದೆ. ರಾತ್ರಿ ಯಾರೋ ಬಾಗಿಲ ಚಿಲಕ ಅಲ್ಲಾಡಿಸಿದರು.

“ಒಳಗ ಯಾರದಾರ? ಒಬ್ಬಾಕೀನ ಅದೀಯೇನು?”

“ನಮ್ಮ ಮನಿಯವರು ಮಲಗ್ಯಾರ,” ಎಂದಳು ಕಸ್ತೂರವ್ವ. “ಎಬ್ಬಸಲೇನು?”

ಚಿಲಕದ ಸದ್ದು ನಿಂತಿತು.

ನಾನು ಬೆಚ್ಚಿದೆ. ಬಾಳಪ್ಪ ಹೋದದ್ದಕ್ಕೆ ನಾನೇ ಸಾಕ್ಷಿ. ಹಾಗಾದರೆ ಒಳಗೆ ಮಲಗಿರುವವನು ಯಾರು? ಮರುದಿನ ಅವಳು ಟ್ರಂಕು ತೆರೆದು ಮೊದಲು ಕಾಲುಂಗುರ ತೆಗೆದುಕೊಂಡಳು. ಸಂಶಯ ಗಟ್ಟಿಯಾಯಿತು. ಆಮೇಲೆ ನನ್ನನ್ನೂ ತೆಗೆದು, ಎಣ್ಣೆ ಒರೆಸಿ, ಹೊಸ್ತಿಲ ಆಚೆ ಇಟ್ಟಳು. ಸತ್ತವನ ಚಪ್ಪಲಿ ಬೇರೆಯವನಿಗೆ ಕೊಡುತ್ತಿದ್ದಾಳೆ ಎಂದುಕೊಂಡು ಆ ಬೇರೆಯವನ ಪಾದಕ್ಕಾಗಿ ಕಾದೆ.

ನಸುಕಿನಲ್ಲಿ ಒಂದು ಪಾದ ಬಂತು. ಚಿಕ್ಕದು, ಬಿರಿದ ಹಿಮ್ಮಡಿ, ಎರಡನೆಯ ಬೆರಳಲ್ಲಿ ಉಂಗುರ. ಕಸ್ತೂರವ್ವನದೇ. ನನ್ನ ಮುಕ್ಕಾಲಿಗೇ ಅವಳ ಹಿಮ್ಮಡಿ ಮುಗಿಯುತ್ತಿತ್ತು. ಹೊಸ್ತಿಲಿನಿಂದ ನಳದ ತನಕ, ನಳದಿಂದ ಹೊಸ್ತಿಲ ತನಕ ಜೋರಾಗಿ ನಡೆದಳು. ಕರ್ರ್, ಕರ್ರ್. ಅಡಿಗೆ ಕೆಸರು ಮೆತ್ತಿದ ಮೇಲೆ ನನ್ನನ್ನು ಬಿಟ್ಟು ಒಳಗೆ ಹೋದಳು. ಅಂದಿನಿಂದ ದಿನವೂ ಇದೇ ಕೆಲಸ. ಗಂಡ ಲಾರಿ ಮೇಲಿರುತ್ತಾನೆ, ನಸುಕಿಗೆ ಬಂದು ನಸುಕಿಗೇ ಹೋಗುತ್ತಾನೆ, ಈ ಚಪ್ಪಲಿ ನಳಕ್ಕೆ ಹೋಗಿಬರಲು ಮಾತ್ರ ಎಂದು ಓಣಿಗೆ ಹೇಳಿದಳು. ಚಿಲಕ ಮತ್ತೆ ಅಲ್ಲಾಡಲಿಲ್ಲ.

ಎದುರು ಮನೆ ಅನಸವ್ವನದು. ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಅವಳ ಬಾಗಿಲಲ್ಲೂ ಗಂಡಸಿನ ಒಂದು ಜೊತೆ ಕರಿ ಬೂಟು ಇತ್ತು. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ ಎನ್ನುತ್ತಿದ್ದಳು. ಆ ಬೂಟಿನ ಮೇಲೆ ನನಗೆ ಸಂಶಯ. ಒಂದು ವಾರ ಅದರ ಮೂತಿ ಗೋಡೆಯ ಕಡೆ, ಮತ್ತೊಂದು ವಾರ ಬೀದಿಯ ಕಡೆ. ಲಾಡಿಯ ಗಂಟು ಮಾತ್ರ ಬದಲಾಗುತ್ತಿರಲಿಲ್ಲ. ಎರಡು ದೀಪಾವಳಿ ಕಳೆದರೂ ಅದರ ಹಿಮ್ಮಡಿ ಸವೆಯಲಿಲ್ಲ. ಗಂಡನನ್ನು ನಾನಂತೂ ನೋಡಲಿಲ್ಲ.

ಆ ಮಂಗಳವಾರ ತಲಾಟಿ ಬಂದದ್ದು ವೇತನ ಪಡೆಯುವವರ ಪಟ್ಟಿ ಹಿಡಿದು. ಮರುಮದುವೆಯಾದವರಿಗೆ ವಿಧವಾ ವೇತನ ಇಲ್ಲ. ಅದನ್ನು ಮನೆಗೇ ಬಂದು ಪರಿಶೀಲಿಸಬೇಕು. ಕಸ್ತೂರವ್ವ ಕೆಲಸಕ್ಕೆ ಹೋಗಿದ್ದಳು. ಅವರು ಯಾಕೆ ಬಂದದ್ದೆಂದು ಹೇಳದೆ ಅನಸವ್ವನನ್ನೇ ಕೇಳಿದರು.

“ಈ ಚಪ್ಪಲಿ ಯಾರವು?”

“ಅವರ ಮನಿಯವರವರೀ. ಲಾರಿ ಮ್ಯಾಲಿರ್ತಾರ.”

“ನೀವು ಕಣ್ಣಾರೆ ನೋಡೀರೇನು?”

“ಮಾರಿ ನೋಡಿಲ್ರೀ. ಸಪ್ಪಳ ಕೇಳೇನಿ. ದಿನಾ ನಸಕಿನ್ಯಾಗ ಕರ್ರ್ ಅಂತ ಬರ್ತಾರ.”

ಅವರು ನನ್ನ ಅಡಿಯ ಹಸಿ ಕೆಸರು ಮುಟ್ಟಿ ನೋಡಿದರು, ಪಟ್ಟಿಯ ಎಣ್ಣೆ ಮೂಸಿದರು. ಅವರು ಸುಳ್ಳು ಬರೆಯಲಿಲ್ಲ. ಕಂಡದ್ದನ್ನೇ ಬರೆದರು.

ಎರಡು ತಿಂಗಳು ವೇತನ ಬರಲಿಲ್ಲ. ನಾಡ ಕಚೇರಿಯಲ್ಲಿ ಕೇಳಿದರೆ ಮರುಮದುವೆಯ ಶಂಕೆ, ನೆರೆಯವರ ಹೇಳಿಕೆ ಇದೆ, ಸೋಮವಾರ ವಿಚಾರಣೆಗೆ ಬಾ ಎಂದರಂತೆ. ಮನೆಗೆ ಬಂದವಳೇ ಕಸ್ತೂರವ್ವ ಎದುರು ಬಾಗಿಲನ್ನು ನೋಡಿದಳು. ಅನಸವ್ವ ಎಂದಿನಂತೆ ಬಿಸಿ ರೊಟ್ಟಿ ತಂದಳು.

“ಬ್ಯಾಡ,” ಎಂದಳು ಕಸ್ತೂರವ್ವ. “ಒಂದ್ ಕೈಲೆ ರೊಟ್ಟಿ ಕೊಡ್ತೀರಿ, ಇನ್ನೊಂದ್ ಕೈಲೆ ಅನ್ನ ಕಸಗೋತೀರಿ.”

“ನಾ ಏನ್ ಮಾಡೇನ್ ಯವ್ವಾ?”

ಕಸ್ತೂರವ್ವ ಬಾಗಿಲು ಹಾಕಿಕೊಂಡಳು. ಉತ್ತರ ಹೇಳಿದರೆ ಗಂಡ ಇಲ್ಲವೆಂದೂ ಹೇಳಬೇಕಿತ್ತು. ಐದು ದಿನ ಎರಡು ಮನೆಗೂ ಮಾತಿಲ್ಲ. ಆದರೂ ನಸುಕಿನಲ್ಲಿ ನನ್ನನ್ನು ಮೆಟ್ಟುವುದು ಅವಳು ಬಿಡಲಿಲ್ಲ.

ಸೋಮವಾರ ನನ್ನನ್ನು ಹಳೆಯ ಟವೆಲಿನಲ್ಲಿ ಸುತ್ತಿ ನಾಡ ಕಚೇರಿಗೆ ಒಯ್ದಳು. ಉಪ ತಹಶೀಲ್ದಾರರು ಐವತ್ತರ ಆಸುಪಾಸಿನ ಹೆಣ್ಣುಮಗಳು. ಪಕ್ಕದಲ್ಲಿ ತಲಾಟಿ. ಗೋಡೆಗೆ ಒತ್ತಿಕೊಂಡು ಅನಸವ್ವ. ಅವಳನ್ನೂ ಹೇಳಿಕೆಗೆ ಕರೆಸಿದ್ದರು.

“ಈಗ ಯಾರ ಜೊತೆಗಿದ್ದೀಯವ್ವಾ?” ಎಂದು ಕೇಳಿದರು ಉಪ ತಹಶೀಲ್ದಾರರು.

ಕಸ್ತೂರವ್ವ ಅನಸವ್ವನ ಕಡೆ ನೋಡಿದಳು. ಇವಳೆದುರು ನಿಜ ಹೇಳಿದರೆ ಸಂಜೆಯೊಳಗೆ ಓಣಿಯೆಲ್ಲ ಕೇಳುತ್ತದೆ. ಹೇಳದಿದ್ದರೆ ವೇತನ ಹೋಗುತ್ತದೆ. ಆಮೇಲೆ ಟವೆಲು ಬಿಚ್ಚಿ ನನ್ನನ್ನು ಮೇಜಿನ ಮೇಲೇ ಇಟ್ಟಳು.

“ಏ, ಕಾಗದ ಅದಾವು, ತೆಗಿ!” ಎಂದರು ತಲಾಟಿ.

“ಇವೂ ಕಾಗದಾನ ಅನ್ಕೋರಿ ಸಾಹೇಬ್ರ. ಓದ್ರಿ.”

ಉಪ ತಹಶೀಲ್ದಾರರು ಕನ್ನಡಕ ಹಾಕಿಕೊಂಡು ಬಾಗಿದರು. ನನ್ನ ಮೇಲೆ ಎರಡು ಅಚ್ಚು ಇದ್ದವು. ಹಳೆಯದು, ಕಪ್ಪು, ಅಂಚಿನ ತನಕ ಚಾಚಿದ ದೊಡ್ಡ ಪಾದದ್ದು. ಅದರ ಮೇಲೆ ಹೊಸದು. ಮುಕ್ಕಾಲಿಗೇ ಮುಗಿದ ಹಿಮ್ಮಡಿ, ಎರಡನೆಯ ಬೆರಳಿನ ಜಾಗದಲ್ಲಿ ಉಂಗುರ ಉಜ್ಜಿದ ಗೆರೆ. ದೊಡ್ಡ ಹಿಮ್ಮಡಿಯ ಜಾಗದಲ್ಲಿ ವರ್ಷಗಳ ದೂಳು ಕುಳಿತಿತ್ತು. ಅಲ್ಲಿ ಯಾರ ಭಾರವೂ ಬಿದ್ದಿರಲಿಲ್ಲ.

“ಹಾಕ್ಕೊಂಡು ನಡಿ ನೋಡೋಣ.”

ಕಸ್ತೂರವ್ವ ನಡೆದಳು. ಕರ್ರ್, ಕರ್ರ್. ಕಚೇರಿಯಲ್ಲಿ ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

“ಇದ ರೀ ಸಪ್ಪಳ,” ಎಂದಳು ಅನಸವ್ವ. “ಇದ…” ಅವಳ ಕಣ್ಣು ಕಸ್ತೂರವ್ವನ ಕಾಲಿಗೆ ಇಳಿಯಿತು.

“ಯಾಕವ್ವಾ ಹೀಗ್ ಮಾಡ್ದಿ?” ಎಂದರು ಉಪ ತಹಶೀಲ್ದಾರರು.

“ಗಂಡ ಇದ್ದಾನಂದ್ರ ಪಗಾರ ನಿಲ್ಲತೈತಿ, ಇಲ್ಲಂದ್ರ ನಿದ್ದಿ ನಿಲ್ಲತೈತಿ. ಯಾವ್ದು ಬರಕೋತೀರಿ ನೀವ ಹೇಳ್ರಿ, ಅದನ್ನ ಹೇಳ್ತೀನಿ.”

ಹೂಲಿಕಟ್ಟಿಯವರು ತಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಉಪ ತಹಶೀಲ್ದಾರರು ಹೇಳಿ ಬರೆಸಿದರು: ‘ಸದರಿ ಚಪ್ಪಲಿಗಳನ್ನು ಫಲಾನುಭವಿಯೇ ಧರಿಸುತ್ತಾರೆ. ಮರುಮದುವೆಗೆ ಆಧಾರ ಕಂಡುಬಂದಿಲ್ಲ. ವೇತನ ಮುಂದುವರಿಸುವುದು.’ ಬೇರೆ ಏನೂ ಬರೆಸಲಿಲ್ಲ. ಬರೆಸಲು ಆ ನಮೂನೆಯಲ್ಲಿ ಜಾಗವೂ ಇರಲಿಲ್ಲ.

ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಮರಳಿದರು. ಕಸ್ತೂರವ್ವ ದಾರಿಯುದ್ದಕ್ಕೂ ಅನಸವ್ವನ ಬಾಯಿಯನ್ನೇ ನೋಡುತ್ತಿದ್ದಳು. ಮತ್ತೆ ಟವೆಲಿನಲ್ಲಿ ಸುತ್ತಿದ ನನ್ನನ್ನು ಬಿಗಿಯಾಗಿ ಹಿಡಿದಿದ್ದಳು, ಅವಳ ಅಂಜಿಕೆ ಅದರಿಂದಲೇ ನನಗೆ ತಿಳಿಯಿತು. ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿಯವನು ಕೂಗಿದ:

“ಏನಕ್ಕಾ, ಇಬ್ಬರೂ ಕೂಡೇ ಎಲ್ಲಿಗಿ ಹೋಗಿದ್ರಿ?”

ಟವೆಲಿನ ಮೇಲೆ ಕಸ್ತೂರವ್ವನ ಬೆರಳುಗಳು ಮುದುಡಿದವು.

“ಇವರ ಮನಿಯವರ ಚಪ್ಪಲಿ ಕಿತ್ತಿದ್ದುವು,” ಎಂದಳು ಅನಸವ್ವ. “ಹೊಲಿಸಾಕ ಹೋಗಿದ್ವಿ. ನಸಕಿನ್ಯಾಗ ಬರ್ತಾರ, ಬೇಕಾಗ್ತಾವಲ್ಲ!”

ಅದು ಹತ್ತು ವರ್ಷದ ಹಿಂದಿನ ಮಾತು. ಈಗ ನನ್ನ ಉಂಗುಟ ಹರಿದಿದೆ, ಒಳಗಿನ ಬೀಜ ಪುಡಿಯಾಗಿ ಸದ್ದೂ ಹೋಗಿದೆ. ಆದರೂ ಇದೇ ಹೊಸ್ತಿಲ ಮೂಲೆಯಲ್ಲಿದ್ದೇನೆ. ಮಾಡಿದವನು ಯಮನಪ್ಪ, ಕೊಂಡವನು ಬಾಳಪ್ಪ, ಅನುಮಾನಿಸಿದವರು ಹೂಲಿಕಟ್ಟಿ. ಎಲ್ಲರೂ ನನ್ನನ್ನು ಗಂಡಸಿನ ಚಪ್ಪಲಿ ಎಂದೇ ಕರೆದರು. ನಾನು ಹೆಚ್ಚು ನಡೆದದ್ದು ಹೆಣ್ಣಿನ ಕಾಲಲ್ಲಿ. ನನ್ನ ಸಂಶಯವೂ ಎಷ್ಟೋ ಸಲ ತಪ್ಪಿತು. ಒಂದು ವಿಷಯದಲ್ಲಿ ಮಾತ್ರ ತಪ್ಪಲಿಲ್ಲ.

ವಿಚಾರಣೆಯ ದಿನ ಸಂಜೆ ಅನಸವ್ವ ರೊಟ್ಟಿ ತಂದು ನನ್ನ ಪಕ್ಕದ ಹೊಸ್ತಿಲ ಮೇಲೆ ಕುಳಿತಳು. ಕಸ್ತೂರವ್ವ ಈ ಸಲ ರೊಟ್ಟಿ ತೆಗೆದುಕೊಂಡಳು.

“ಪಗಾರದ ಅರ್ಜಿಗಿ ಏನೇನ್ ಬೇಕಾಗತೈತಿ ಅಕ್ಕಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದಳು ಅನಸವ್ವ. “ತಲಾಟಿ ಓಣ್ಯಾಗ ಕೇಳ್ತಾನಂತ ಅಂಜಿ ಏಳು ವರ್ಷ ಹಾಕಿದ್ದಿಲ್ಲ.”

ಕಸ್ತೂರವ್ವ ಎದುರಿನ ಕರಿ ಬೂಟನ್ನು ಒಮ್ಮೆ ನೋಡಿದಳು.

“ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಆದಾಯದ ಪತ್ರ,” ಎಂದಳು. “ಮತ್ತ ಅವರು ತೀರಿಕೊಂಡ ಪ್ರಮಾಣಪತ್ರ.”

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಅವನ್ನು ಹಿಡಿದುಕೊಂಡು ನಾಡ ಕಚೇರಿಗೆ ಹೋದರು. ಬೂಟು ಬಾಗಿಲಲ್ಲೇ ಇತ್ತು.