ಉದ್ಯೋಗ: ಮನೆಗೆಲಸ

ಗಣಿಗಳ ಊರಾದ ಪೊಟೊಸಿಯ ವೈದ್ಯಕೀಯ ಕಾಲೇಜಿನಲ್ಲಿ ಶುಕ್ರವಾರ ಬಂತೆಂದರೆ ಮೊದಲ ವರ್ಷದವರ ಎದೆ ಡವಡವ. ಅಂದು ಹಿಲಾರಿಯಾ ಎಂಬಾಕೆ ರೋಗಿಯ ವೇಷದಲ್ಲಿ ಬಂದು ಕೂರುತ್ತಿದ್ದರು. ಆಕೆ ನಾಟಕದವರು, ಗುಂಡುಕಲ್ಲಿನ ಹಾಗಿದ್ದರು. ನಿಜವಾದ ಯಾರೋ ರೋಗಿಯ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ವಿದ್ಯಾರ್ಥಿಗಳು ಜೋಡಿಯಾಗಿ ಪ್ರಶ್ನೆ ಕೇಳಿ ರೋಗ ಪತ್ತೆ ಹಚ್ಚಬೇಕು; ಇಬ್ಬರಿಗೆ ಸೇರಿ ಹತ್ತೇ ಪ್ರಶ್ನೆ. ಕೇಳಿದ್ದಕ್ಕಷ್ಟೇ ಉತ್ತರ, ಕೇಳದೆ ಬಿಟ್ಟದ್ದು ಅವರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ರೊಸ್ಮೆರಿ ಹಿಂದಿನ ಎರಡು ಸಲವೂ ರೋಗ ಹಿಡಿಯಲಾಗದೆ ಮುಗ್ಗರಿಸಿದ್ದಳು. ಇದೂ ಕೈಕೊಟ್ಟರೆ ಒಂದು ವರ್ಷವೇ ಮಣ್ಣುಪಾಲು. ಅವಳ ಜೊತೆಗಾರ ರಾಮಿರೋಗೆ ಅಂಥ ಚಿಂತೆಯಿರಲಿಲ್ಲ. ಅವನಿಗೆ ಬಾಯಿ ಮುಂದು.

ಈ ಸಲದ ತೊಂದರೆ ಕೆಮ್ಮು. ಜ್ವರ ಇದೆಯಾ, ಕಫದಲ್ಲಿ ರಕ್ತ ಬಂತಾ, ಅಡುಗೆ ಸೌದೆಯಲ್ಲೋ ಗ್ಯಾಸಿನಲ್ಲೋ ಎಂದೆಲ್ಲ ಕೇಳಿ ಅವನು ಎಂಟು ಪ್ರಶ್ನೆ ಮುಗಿಸಿದ. ಎಲ್ಲಕ್ಕೂ ಉತ್ತರ ಸಿಕ್ಕಿತು, ರೋಗ ಸಿಗಲಿಲ್ಲ.

"ಏನ್ ಕೆಲಸ ಮಾಡ್ತೀರಿ?" ಇದು ಒಂಬತ್ತನೆಯದು.

"ಮನೇಲಿರ್ತೀನಿ ಕಣಪ್ಪ."

ರಾಮಿರೋ 'ಮನೆಗೆಲಸ' ಎಂದು ಗೀಚಿ ರೊಸ್ಮೆರಿಯ ಕಿವಿಯಲ್ಲಿ ಉಸುರಿದ: "ಗಂಡಸಾಗಿದ್ರೆ ಗಣಿ ಧೂಳು ಅಂತ ಕಣ್ಮುಚ್ಕೊಂಡು ಹೇಳಿಬಿಡ್ತಿದ್ದೆ. ಹೆಂಗಸು ಒಳಗೆ ಕಾಲಿಟ್ರೆ ಅದಿರೇ ಮಾಯ ಆಗುತ್ತೆ ಅಂತ ಬಾಗಿಲಲ್ಲೇ ಓಡಿಸ್ತಾರಲ್ಲ!"

ರೊಸ್ಮೆರಿ ಅವನು ಗೀಚಿದ 'ಮನೆಗೆಲಸ'ವನ್ನೇ ನೋಡಿದಳು. ಅವಳ ತಾಯಿಯೂ ಗಣಿಯೊಳಗೆ ಕಾಲಿಟ್ಟವಳಲ್ಲ. ಹದಿನಾರು ವರ್ಷದಿಂದ ಹೊರಗೆ ಕೂತು, ಗಂಡಸರು ಬಿಸಾಡಿದ ಕಲ್ಲನ್ನು ಒಡೆದು ಅದಿರು ಆರಿಸುವವಳು. ಅದನ್ನು ರೊಸ್ಮೆರಿ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ತಾಯಿಗೂ ಇದೇ ಕೆಮ್ಮು. ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು.

ಉಳಿದದ್ದು ಒಂದೇ ಪ್ರಶ್ನೆ.

"ಅಮ್ಮಾ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ?"

ಹಿಲಾರಿಯಾ ತಲೆಯೆತ್ತಿ ಅವಳನ್ನೇ ನೋಡಿದರು. "ಗಣಿ ಬೆಟ್ಟಕ್ಕೆ ಮಗಳೇ, ಕಲ್ಲು ಒಡೆಯೋಕೆ. ಇಪ್ಪತ್ತು ವರ್ಷ ಆಯ್ತು."

"ನಾನೂ ಅದನ್ನೇ ಕೇಳಿದ್ನಲ್ಲ!" ರಾಮಿರೋ ಹಾರಿಬಿದ್ದ. "ಆಗ ಮನೇಲಿರ್ತೀನಿ ಅಂದ್ರಿ!"

"ನೀನು ಕೆಲಸ ಕೇಳ್ದೆ. ನಾವು ಹೆಂಗಸರು ಕಲ್ಲು ಒಡೆಯೋದನ್ನ ಈ ಊರಲ್ಲಿ ಯಾರಪ್ಪ ಕೆಲಸ ಅಂತಾರೆ?"

ಕಲ್ಲಿನ ಧೂಳು ಎದೆಗೆ ಇಳಿದಿದೆ ಎಂದು ರೊಸ್ಮೆರಿ ಹೇಳಿದಳು. ಅಲ್ಲೇ ಕೂತು ನೋಡುತ್ತಿದ್ದ ಮೇಷ್ಟರಮ್ಮ ಡಾಕ್ಟರ್ ಸೊರಿಯಾ ಪೂರ್ತಿ ಅಂಕ ಹಾಕಿದರು. "ಸರಿ, ಶ್ವಾಸಕೋಶಕ್ಕೆ ಕಲ್ಲಿನ ಪುಡಿ ಹೊಕ್ಕಿರೋದು. ನಿನಗೆ ಹೇಗಮ್ಮಾ ಹೊಳೀತು?"

ಸುಮ್ಮನೆ ಹೊಳೆಯಿತು ಎಂದು ಜಾರಿಕೊಳ್ಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು.

"ನಮ್ಮಮ್ಮನೂ ಅದೇ ಮಾಡೋದು, ಡಾಕ್ಟರ್. ಅವಳಿಗೂ ಕೆಮ್ಮು."

"ಎದೆ ಎಕ್ಸ್‌ರೇ ತೆಗೆಸಿದ್ದೀರಾ?"

"ಇಲ್ಲ. ಆಸ್ಪತ್ರೆ ಚೀಟೀಲಿ ಉದ್ಯೋಗ ಮನೆಗೆಲಸ ಅಂತಿದೆ, ಅದಕ್ಕೇ ಯಾರೂ ಬರೆದುಕೊಡಲಿಲ್ಲ."

"ಯಾವ ಪುಣ್ಯಾತ್ಮ ಬರೆದದ್ದು?"

"ಅಮ್ಮನಿಗೆ ಬರೆಯೋಕೆ ಬರಲ್ಲ," ಎಂದಳು ರೊಸ್ಮೆರಿ. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. "ನಾನೇ ಬರೆದೆ."

ಸೊರಿಯಾ ಬೈಯಲಿಲ್ಲ. ಸೋಮವಾರ ತಾಯಿಯನ್ನು ಕರೆತರಲು ಹೇಳಿ, ಹೊಸ ಚೀಟಿಯೊಂದನ್ನು ಮುಂದಿಟ್ಟರು. ರಾಮಿರೋ ಇಣುಕುತ್ತಿದ್ದಂತೆಯೇ ರೊಸ್ಮೆರಿ ಅದರಲ್ಲಿ ದಪ್ಪಕ್ಷರದಲ್ಲಿ ಬರೆದಳು: ಉದ್ಯೋಗ, ಕಲ್ಲು ಒಡೆಯುವುದು, ಹದಿನಾರು ವರ್ಷ.