ಬೆವರಿದ ತಲೆ

ನನ್ನ ತಂಗಿ ಡೆಲ್ಫೀನ್ ಕೆಲಸದ ಜಾಗದಲ್ಲೇ ಕಣ್ಣು ಕತ್ತಲಿಟ್ಟು ಕುಸಿದ ದಿನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ರಕ್ತದೊತ್ತಡ ಎಲ್ಲಿಗೋ ಏರಿತ್ತು. ನಮ್ಮ ಮಕ್ಕಳ ವಯಸ್ಸಿನ ಡಾಕ್ಟರೊಬ್ಬ ಮಾತ್ರೆ ಬರೆದುಕೊಟ್ಟು, ಇನ್ನು ದಿನವೂ ಓಡಬೇಕು, ಈಜಬೇಕು, ಏನಾದರೂ ಮಾಡಿ ಮೈ ಬೆವರಿಸಬೇಕು ಎಂದ. ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ಕೇಳಿದ. ಡೆಲ್ಫೀನ್ ತಲೆ ತಗ್ಗಿಸಿಕೊಂಡು, ಕೂದಲಿಗೋಸ್ಕರ ಎಂದಳು.

ಅವನು ನಕ್ಕುಬಿಟ್ಟ. "ಬೆವರಿದ್ರೆ ತೊಳ್ಕೊಂಡ್ರಾಯ್ತಲ್ಲ ಮೇಡಂ, ಅದಕ್ಕೇನು?"

ನನಗೆ ಮೈಯೆಲ್ಲ ಉರಿಯಿತು. ತೊಳೆದುಕೊಂಡರಾಯಿತಂತೆ. ನನ್ನ ತಂಗಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ನಿಲ್ಲುವವಳು. ಕೆಲಸಕ್ಕೆ ಸೇರಿದ ದಿನದಿಂದ, ತಲೆ ನೀಟಾಗಿರಬೇಕು ಎಂಬ ಒಂದು ಮಾತು ಅವಳ ಬೆನ್ನು ಹತ್ತಿತ್ತು. ನೀಟು ಅಂದರೆ ಏನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಮ್ಮಂಥ ಕರಿಯ ಹೆಂಗಸರು ಹುಟ್ಟಿನಿಂದ ಸುರುಳಿ ಸುರುಳಿಯಾಗಿರುವ ಕೂದಲನ್ನು ಕಾದ ಕಬ್ಬಿಣದ ಬಾಚಣಿಗೆಯಲ್ಲಿ ಎಳೆದೆಳೆದು ನೇರ ಮಾಡಿಕೊಂಡು ಬರಬೇಕು ಅಂತ. ಶನಿವಾರ ಅರ್ಧ ದಿನ ಕೂತು ಮಾಡಿಸಿಕೊಂಡದ್ದು, ಒಂದು ಸಲ ಬೆವರಿದರೆ ಬುಡದಿಂದ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ಇಲ್ಲಿನ ಬೇಸಿಗೆಯಲ್ಲಿ ಬೆವರದೆ ಇರುವುದು ಹೇಗೆ? ಡೆಲ್ಫೀನ್ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದಳು.

ಅವಳು ಹೀಗಿದ್ದವಳಲ್ಲ. ಶಾಲೆಯಲ್ಲಿ ಅವಳಷ್ಟು ಜೋರಾಗಿ ಓಡುವ ಹುಡುಗಿ ನಮ್ಮ ಕೇರಿಯಲ್ಲೇ ಇರಲಿಲ್ಲ. ಅದನ್ನು ಬಿಡಿಸಿದವಳು ನಮ್ಮಮ್ಮ. ದಿನಾ ಬೆವರಿ ಬಂದರೆ ನಿನ್ನ ತಲೆಗೆ ಕಬ್ಬಿಣ ಕಾಯಿಸುತ್ತಾ ಕೂರುವವರು ಯಾರು, ನಾಳೆ ನಿನಗೆ ಕೆಲಸ ಕೊಡುವವರು ಯಾರು ಎಂದಳು. ಅಮ್ಮ ಕೆಟ್ಟವಳಲ್ಲ, ಹೆದರಿದವಳು. ಐವತ್ತು ದಾಟುತ್ತಿದ್ದ ಹಾಗೆ ಅವಳೇ ಅಡುಗೆಮನೆಯಲ್ಲಿ ಪಾರ್ಶ್ವವಾಯು ಬಡಿದು ಬಿದ್ದಳು. ಮಣ್ಣು ಮಾಡುವ ದಿನ ಬಂದವರೆಲ್ಲ ಶವಪೆಟ್ಟಿಗೆಯೊಳಗೆ ಇಣುಕಿ, ಕೂದಲು ಎಷ್ಟು ಚೆನ್ನಾಗಿ ಕೂತಿದೆ ನೋಡಿ ಎಂದರು. ಆ ಮಾತನ್ನು ನಾನು ಇವತ್ತಿಗೂ ಯಾರಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಡೆಲ್ಫೀನ್ ಎರಡು ದಿನ ಮನೆಯಲ್ಲೇ ಮಲಗಿದ್ದಳು. ಮೂರನೆಯ ದಿನ ನನ್ನ ಮನೆಗೆ ಬಂದು, ಕುರ್ಚಿ ಎಳೆದುಕೊಂಡು ನನ್ನ ಮುಂದೆ ಬೆನ್ನು ಮಾಡಿ ಕೂತಳು.

"ಹೆಣಿ ಅಕ್ಕಾ," ಅಂದಳು. "ಸಾಯೋದಾದ್ರೆ ಓಡಿಯಾದ್ರೂ ಸಾಯ್ತೀನಿ."

ನಾನು ಶಾಲೆಯ ಬಸ್ಸು ಓಡಿಸುವವಳು. ನನ್ನ ತಲೆ ಹೇಗಿದ್ದರೂ ಕೇಳುವವರಿಲ್ಲ. ಎಷ್ಟೋ ವರ್ಷದಿಂದ ಹುಟ್ಟಿದ ಹಾಗೇ ಬಿಟ್ಟಿದ್ದೇನೆ, ಕೆರೆ ಸುತ್ತ ಓಡುತ್ತಲೂ ಇದ್ದೇನೆ. ಸುಟ್ಟು ಸೀದುಹೋಗಿದ್ದ ತುದಿಗಳನ್ನೆಲ್ಲ ಕತ್ತರಿಸಿ, ನೆತ್ತಿಗೆ ಅಂಟಿಕೊಂಡಂತೆ ಹಣೆಯಿಂದ ಕತ್ತಿನವರೆಗೆ ಸಾಲು ಸಾಲು ಸಣ್ಣ ಜಡೆ ಹೆಣೆದೆ. ಹಣೆಯಂಚಿನ ಎಳೆಕೂದಲನ್ನು ಬಿಗಿದು ಎಳೆಯಲಿಲ್ಲ. ಎಷ್ಟೋ ಹೆಂಗಸರಿಗೆ ಜಡೆ ಅಂದವಾಗಿ ಕಾಣಲಿ ಎಂದು ಬಿಗಿದು ಬಿಗಿದೇ ಅಲ್ಲಿ ಬೋಳಾಗಿರುತ್ತದೆ. ಓಡುವಾಗ ಹಣೆಗೆ ಸ್ಯಾಟಿನ್ ಪಟ್ಟಿ ಕಟ್ಟಿಕೋ, ಬಂದ ಮೇಲೂ ಬೆವರು ಆರುವವರೆಗೆ ಬಿಚ್ಚಬೇಡ ಎಂದು ಹೇಳಿಕೊಟ್ಟೆ. ಉಪ್ಪು ನೆತ್ತಿಯಲ್ಲೇ ಉಳಿದರೆ ತುರಿಕೆ. ಅದಕ್ಕೆ ಮೂತಿ ಇರುವ ಬಾಟಲಿಯಲ್ಲಿ ನೀರಿಗೆ ಒಂದಿಷ್ಟು ಶಾಂಪೂ ಬೆರೆಸಿ ಸಾಲುಗಳ ನಡುವೆ ಬಿಟ್ಟುಕೊಂಡು, ಬೆರಳ ತುದಿಯಲ್ಲಿ ತಿಕ್ಕಿ, ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಟವೆಲಿನಿಂದ ಒತ್ತಬೇಕು. ಒದ್ದೆ ಜಡೆಯನ್ನು ಗಂಟು ಹಾಕಿ ಮಲಗಿದರೆ ಮುಗ್ಗಲು ವಾಸನೆ ಬರುತ್ತದೆ. ತಣ್ಣನೆ ಗಾಳಿಯಲ್ಲಿ ಬುಡ ಒಣಗಿಸಿ, ಒಂದೆರಡು ಹನಿ ಎಣ್ಣೆ ಸವರಿ, ಸ್ಯಾಟಿನ್ ಟೋಪಿ ಹಾಕಿಕೊಂಡು ಮಲಗಬೇಕು. ಡೆಲ್ಫೀನ್ ಸಣ್ಣ ಹುಡುಗಿಯ ಹಾಗೆ ತಲೆಯಾಡಿಸಿ ಎಲ್ಲ ಕೇಳಿಸಿಕೊಂಡಳು.

ಮೊದಲ ದಿನ ಕೆರೆಯ ಒಂದು ದಡ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕೂತಳು. ಬೇಸಿಗೆ ಬರುವ ಹೊತ್ತಿಗೆ ನಾನೇ ಹಿಂದೆ ಬೀಳುತ್ತಿದ್ದೆ. ಒತ್ತಡ ಇಳಿಯಿತು, ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದ.

ಚರ್ಚಿನಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ನಾವೆಲ್ಲ ಮದರ್ ಎಂದು ಕರೆಯುವ ಹಿರಿಯ ಹೆಂಗಸು ಟಾಲಿವರ್, ಪ್ರತಿ ಭಾನುವಾರ ಕಬ್ಬಿಣದಲ್ಲಿ ತಿದ್ದಿದ ಕೂದಲಿನ ಮೇಲೆ ದೊಡ್ಡ ಟೋಪಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುವವಳು. ಆಕೆ ಬಾಗಿಲಲ್ಲೇ ಡೆಲ್ಫೀನಳನ್ನು ತಡೆದು ನಿಲ್ಲಿಸಿದಳು.

"ಏನಮ್ಮಾ ಇದು, ದೇವರ ಮನೆಗೆ ತಲೆ ಉತ್ಕೊಂಡು ಬಂದಿದ್ದೀಯಲ್ಲ? ಇನ್ನು ಬಿತ್ತೋದೊಂದು ಬಾಕಿ."

ಸುತ್ತ ಇದ್ದವರು ನಕ್ಕರು. "ಬಿತ್ತೋದೂ ಆಗಿದೆ ಮದರ್," ಎಂದಳು ಡೆಲ್ಫೀನ್. "ಇನ್ನೊಂದಿಪ್ಪತ್ತು ವರ್ಷ ಆಯಸ್ಸು ಬಿತ್ತಿದ್ದೀನಿ." ಮುದುಕಿ ಹುಬ್ಬು ಗಂಟಿಕ್ಕಿಕೊಂಡು ಒಳಗೆ ಹೋದಳು.

ಹೋಟೆಲಿನಲ್ಲಿ ಹಳೆಯ ಮ್ಯಾನೇಜರು ಕಂಡೂ ಕಾಣದಂತೆ ಇದ್ದ. ಜುಲೈಯಲ್ಲಿ ಹೊಸಬಳು ಬಂದಳು, ಮಿಸೆಸ್ ಕ್ರೆನ್‌ಶಾ. ಬಿಳಿಯ ಹೆಂಗಸು. ಬೆಳಗ್ಗೆ ಹೋಟೆಲಿನ ಜಿಮ್ಮಿನಲ್ಲಿ ಓಡಿ, ಸ್ನಾನ ಮಾಡಿ, ಒದ್ದೆ ಕೂದಲನ್ನು ಒಂದು ರಬ್ಬರಿನಲ್ಲಿ ಕಟ್ಟಿ ನೇರವಾಗಿ ಆಫೀಸಿಗೆ ಬರುತ್ತಿದ್ದಳು. ಕೋಟಿನ ಬೆನ್ನ ಮೇಲೆ ನೀರು ತೊಟ್ಟಿಕ್ಕಿ ಕಲೆ ಕಟ್ಟಿರುತ್ತಿತ್ತು. ಅದು ನೀಟಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಬಂದ ವಾರವೇ ಅವಳು ಡೆಲ್ಫೀನಳನ್ನು ಕರೆಸಿ, ಮದುವೆಯ ಸೀಸನ್ನು ಬರುತ್ತಿದೆ, ನಿಮ್ಮ ತಲೆ ನಮ್ಮ ಹೋಟೆಲಿನ ಶೈಲಿಗೆ ಹೊಂದುವುದಿಲ್ಲ, ನೇರ ಮಾಡಿಕೊಳ್ಳಿ, ಆಗದಿದ್ದರೆ ವಿಗ್ ಹಾಕಿಕೊಳ್ಳಿ ಎಂದಳು. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ, ನೌಕರರ ಆರೋಗ್ಯವೇ ನಮ್ಮ ಆಸ್ತಿ ಎಂಬ ಫಲಕ ತೂಗುಹಾಕಿದ್ದರಂತೆ.

ಕೆಲಸ ಬಿಟ್ಟುಬಿಡು ಎಂದು ನಾನು ಕೂಗಾಡಿದೆ. ಬಿಟ್ಟರೆ ಆರೋಗ್ಯ ವಿಮೆಯೂ ಹೋಗುತ್ತದೆ, ಮಾತ್ರೆ ನೀನು ಕೊಡಿಸುತ್ತೀಯಾ ಎಂದು ಅವಳು ಕೇಳಿದಳು.

ಅವಳು ವಿಗ್ ಹಾಕಿಕೊಂಡು ಹೋದಳು. ಜಡೆಯ ಮೇಲೆ ಬಲೆ, ಅದರ ಮೇಲೆ ವಿಗ್, ಹೊರಗೆ ಬೆಂಕಿಯಂಥ ಬಿಸಿಲು. ಸಂಜೆ ಅವಳನ್ನು ಕರೆದುಕೊಂಡು ಬರಲು ಹೋದಾಗ ಕಾರಿನಲ್ಲಿ ಕೂತು ಅದನ್ನು ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು. ಹಣೆಯ ಸುತ್ತ ಕೆಂಪಗೆ ಗುಳ್ಳೆ ಎದ್ದಿದ್ದವು. ತಲೆ ಸಿಡಿಯುತ್ತಿದೆ ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದು, ಕಾರು ನಿಲ್ಲಿಸು ಎಂದಳು. ಇಳಿದು ಮತ್ತೆ ಹೋಟೆಲಿನೊಳಗೆ ಹೋದಳು. ನಾನೂ ಹಿಂದೆಯೇ ಓಡಿದೆ.

ಮಿಸೆಸ್ ಕ್ರೆನ್‌ಶಾ ಫೋನಿನಲ್ಲಿದ್ದಳು. ಡೆಲ್ಫೀನ್ ಅವಳು ಮಾತು ಮುಗಿಸುವವರೆಗೆ ಕಾದು ನಿಂತು, ವಿಗ್ಗನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

"ಇದು ನಿಮ್ಮ ಹೋಟೆಲಿನ ಶೈಲಿ, ನೀವೇ ಇಟ್ಕೊಳಿ. ನನ್ನ ತಲೆ ದಿನಾ ತೊಳೆದ ತಲೆ. ಇದರಲ್ಲಿ ಕೊಳಕು ಎಲ್ಲಿದೆ ಅಂತ ನನ್ನ ಮುಖ ನೋಡಿ ಹೇಳಿ, ಆಮೇಲೆ ಮುಂದಿನ ಮಾತು."

ಅವಳು ಮುಖ ನೋಡಲಿಲ್ಲ. ಕೊಳಕು ಎಂದು ತಾನು ಹೇಳಿಯೇ ಇಲ್ಲ, ನಿಯಮ ಎಲ್ಲರಿಗೂ ಒಂದೇ ಎಂದು ಏನೇನೋ ಗೊಣಗಿದಳು. ಮರುದಿನ ಡೆಲ್ಫೀನಳನ್ನು ನೆಲಮಾಳಿಗೆಯ ಲಾಂಡ್ರಿಗೆ ಹಾಕಿದರು. ಅರ್ಧ ಆಯುಷ್ಯವನ್ನು ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತು ಕಳೆದವಳು, ಹಾಸಿಗೆಯ ಹೊದಿಕೆ ಮಡಿಸುತ್ತಾ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತಳು. ಅವಳು ಒಬ್ಬ ವಕೀಲೆಯ ಮೂಲಕ ದೂರು ಕೊಟ್ಟಳು. ವಕೀಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದಳು. ಡೆಲ್ಫೀನ್ ಬೆಳಗಿನ ಓಟ ಮಾತ್ರ ಬಿಡಲಿಲ್ಲ.

ಪ್ರತಿ ಆಗಸ್ಟಿನಲ್ಲಿ ರಾಜ್ಯದ ಎಲ್ಲ ಊರುಗಳ ನಮ್ಮ ಚರ್ಚಿನ ಹೆಂಗಸರ ಸಮಾವೇಶ ಅದೇ ಹೋಟೆಲಿನಲ್ಲಿ ನಡೆಯುತ್ತದೆ. ಕೋಣೆಗಳನ್ನೆಲ್ಲ ಡೆಲ್ಫೀನಳ ಮೂಲಕವೇ ಗೊತ್ತು ಮಾಡುವುದು ರೂಢಿ. ಈ ಸಲವೂ ಬಸ್ಸುಗಳಿಂದ ಇಳಿದ ಹೆಂಗಸರನ್ನು ಕರೆದುಕೊಂಡು ಮದರ್ ಟಾಲಿವರ್ ಒಳಗೆ ಬಂದಳು. ರಿಸೆಪ್ಷನ್ನಿನಲ್ಲಿ ಗುರುತಿಲ್ಲದ ಹುಡುಗಿ. ಲಾಂಡ್ರಿಗೆ ಹಾಕಿದ್ದನ್ನು ಡೆಲ್ಫೀನ್ ಚರ್ಚಿನಲ್ಲಿ ಯಾರಿಗೂ ಹೇಳಿರಲಿಲ್ಲ. ಡೆಲ್ಫೀನ್ ಎಲ್ಲಿ ಎಂದು ಕೇಳಿದರೆ ಆ ಹುಡುಗಿ ನೆಲ ನೋಡಿದಳು. ತಿಂಡಿ ಬಡಿಸುತ್ತಿದ್ದ, ತಾನೂ ವಿಗ್ ಹಾಕಿಕೊಂಡಿದ್ದ ನಮ್ಮವಳೊಬ್ಬಳು ಬಂದು ನಡೆದದ್ದನ್ನೆಲ್ಲ ಕಿವಿಯಲ್ಲಿ ಹೇಳಿದಳು. ನಾನು ಸಾಮಾನು ಇಳಿಸಿಕೊಡಲು ಹೋಗಿದ್ದೆ. ಮುದುಕಿಯ ಮುಖ ಬಿಗಿದುಕೊಳ್ಳುವುದನ್ನು ನಾನೇ ನೋಡಿದೆ.

ಆಕೆ ಲಾಬಿಯ ನಡುವಿನ ಸೋಫಾದಲ್ಲಿ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಉಳಿದ ಹೆಂಗಸರೂ ಕೂತರು. ಕುರ್ಚಿ ಸಾಲದೆ ತಮ್ಮ ಸೂಟ್‌ಕೇಸುಗಳ ಮೇಲೆ ಕೂತರು. ಮಿಸೆಸ್ ಕ್ರೆನ್‌ಶಾ ಓಡಿ ಬಂದು, ಕೋಣೆಗಳು ಸಿದ್ಧವಾಗಿವೆ ಎಂದಳು.

"ನಾವೂ ಸಿದ್ಧವಾಗೇ ಇದ್ದೀವಿ," ಎಂದಳು ಮದರ್. "ಬೀಗದ ಕೈ ಕೊಡೋಳು ಕೆಳಗಿದ್ದಾಳಂತೆ. ಅವಳು ಬರಲಿ."

ಇದು ಆಡಳಿತದ ವಿಷಯ ಎಂದಳು ಮಿಸೆಸ್ ಕ್ರೆನ್‌ಶಾ.

"ಆ ಹುಡುಗಿ ತಲೆ ನನಗೂ ಇಷ್ಟ ಇಲ್ಲ ಕಣಮ್ಮಾ. ಅವಳ ಎದುರಿಗೇ ಹೇಳಿದ್ದೀನಿ. ಆದ್ರೆ ಅದಕ್ಕೋಸ್ಕರ ಅವಳ ಅನ್ನ ಕಿತ್ಕೊಳ್ಳೋಕೆ ಹೋಗ್ಲಿಲ್ಲ. ನಿನಗೆ ಆ ಅಧಿಕಾರ ಕೊಟ್ಟೋರು ಯಾರು?"

ಯಾರೂ ದನಿ ಎತ್ತಲಿಲ್ಲ. ಯಾರೂ ಏಳಲೂ ಇಲ್ಲ. ಒಬ್ಬಳು ಡಬ್ಬಿ ತೆರೆದು ಕರಿದ ಕೋಳಿ ಹಂಚಿದಳು. ಬೇರೆ ಅತಿಥಿಗಳು ದಾರಿ ಸಿಗದೆ ಬಾಗಿಲಲ್ಲಿ ನಿಂತರು. ಮಾಲೀಕರಿಂದ ಫೋನು ಬಂದ ಮೇಲೆ ಡೆಲ್ಫೀನ್ ಮೇಲೆ ಬಂದಳು, ಲಾಂಡ್ರಿಯ ಏಪ್ರನ್ನಿನಲ್ಲೇ, ಕತ್ತಿನ ಮೇಲೆ ಬೆವರು ಹರಿಯುತ್ತಾ. ನಿಮ್ಮೊಬ್ಬರಿಗೆ ವಿನಾಯಿತಿ ಕೊಟ್ಟಿದ್ದೇವೆ ಎಂದು ಮಿಸೆಸ್ ಕ್ರೆನ್‌ಶಾ ಪಿಸುಗುಟ್ಟಿದಳು. ತನಗೆ ವಿನಾಯಿತಿ ಬೇಡ, ತಿಂಡಿ ಬಡಿಸುವ ಹುಡುಗಿಯರೂ ವಿಗ್ ಬಿಚ್ಚಬಹುದು ಎಂದು ಹೇಳುವುದಾದರೆ ಮಾತ್ರ ಮೇಜಿನ ಹಿಂದೆ ನಿಲ್ಲುತ್ತೇನೆ ಎಂದು ಡೆಲ್ಫೀನ್ ಎಲ್ಲರಿಗೂ ಕೇಳುವಂತೆ ಹೇಳಿದಳು. ಅಷ್ಟೂ ಹೆಂಗಸರ ಕಣ್ಣು ಮಿಸೆಸ್ ಕ್ರೆನ್‌ಶಾಳ ಮೇಲಿತ್ತು. ಅವಳು ಒಪ್ಪಿದಳು.

ಎಲ್ಲ ಒಳ್ಳೆಯದಾಯಿತಲ್ಲ ಎಂದು ಜನ ಹೇಳುತ್ತಾರೆ. ಏನು ಒಳ್ಳೆಯದಾಯಿತು? ಮಿಸೆಸ್ ಕ್ರೆನ್‌ಶಾಗೆ ಬಡ್ತಿ ಕೊಟ್ಟು ಇನ್ನೂ ದೊಡ್ಡ ಊರಿನ ಹೋಟೆಲಿಗೆ ಕಳಿಸಿದರು. ಕ್ಷಮೆ ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ. ದೂರು ಇನ್ನೂ ಯಾವುದೋ ಕಚೇರಿಯಲ್ಲಿ ಕೂತಿದೆ. ಒಬ್ಬ ಹೆಂಗಸು ತನ್ನ ಜೀವ ಉಳಿಸಿಕೊಳ್ಳಲು ಬೆವರಬೇಕಾದರೆ ಬಸ್ಸುಗಟ್ಟಲೆ ಜನ ಬಂದು ಲಾಬಿಯಲ್ಲಿ ಕೂರಬೇಕೇ?

ಮೊನ್ನೆ ಕೆರೆಯ ದಡದಲ್ಲಿ ಓಡುತ್ತಾ ಇದನ್ನೇ ಹೇಳುತ್ತಿದ್ದೆ. ಡೆಲ್ಫೀನ್ ತಿರುಗಿ ನೋಡದೆ, "ಬೈತಾ ಇದ್ರೆ ಉಸಿರು ಸಾಲಲ್ಲ ಅಕ್ಕಾ, ಬಾಯಿ ಮುಚ್ಕೊಂಡು ಓಡು," ಎಂದು ಮುಂದೆ ಹೋದಳು. ಬಾಯಿ ಮುಚ್ಚಿಕೊಂಡೆ. ಸಿಟ್ಟು ಮಾತ್ರ ಹಾಗೇ ಇತ್ತು.